ಬೋಡಿಯ ಏಲಕ್ಕಿ ಹರಾಜು ಕ್ಲೌಡ್ ಸೇರಿದ ಬಗೆ

ಬೋಡಿನಾಯಕನೂರು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಪಶ್ಚಿಮ ಘಟ್ಟದ ಬುಡಕ್ಕೆ ಒತ್ತಿಕೊಂಡಿರುವ ಪೇಟೆ. ಸುತ್ತಲಿನವರ ಬಾಯಲ್ಲಿ ಬರೀ ಬೋಡಿ. ಇಲ್ಲಿಂದ ಬೋಡಿಮೆಟ್ಟಿನ ತಿರುವುಗಳನ್ನು ಹತ್ತಿ ಹೋದರೆ ಕೇರಳದ ಇಡುಕ್ಕಿ ಜಿಲ್ಲೆ, ಅಲ್ಲಿನ ಏಲಕ್ಕಿ ಬೆಟ್ಟಗಳು. ಬೆಳೆ ಮೇಲೆ, ಪೇಟೆ ಕೆಳಗೆ ಎಂಬ ಏರ್ಪಾಡು ಇಂದಿನ ರಾಜ್ಯಗಳ ಗಡಿಗಿಂತ ಹಳೆಯದು. ದೇಶದ ಸಣ್ಣ ಏಲಕ್ಕಿಯ ಬೆಲೆ ಮುಖ್ಯವಾಗಿ ಎರಡು ಹರಾಜು ಕೇಂದ್ರಗಳಲ್ಲಿ ಗೊತ್ತಾಗುತ್ತದೆ: ಒಂದು ಬೋಡಿಯಲ್ಲಿ, ಇನ್ನೊಂದು ಗಡಿಯಾಚೆಯ ಪುಟ್ಟಡಿಯಲ್ಲಿ. 2021ರ ಆರಂಭದಲ್ಲಿ ಸಾಂಬಾರ ಮಂಡಳಿ ಈ ಎರಡನ್ನೂ ಕ್ಲೌಡ್ ಆಧಾರಿತ ನೇರ ಹರಾಜು ವ್ಯವಸ್ಥೆಯಲ್ಲಿ ಒಟ್ಟಿಗೆ ಕಟ್ಟಿತು. ವ್ಯಾಪಾರಿ ಯಾವ ಕೇಂದ್ರದಲ್ಲಿ ಕೂತರೂ ಅದೇ ಹರಾಜಿನಲ್ಲಿ ಸವಾಲು ಹಾಕುವಂತಾಯಿತು. ಖಾಸಗಿ, ಸಾರ್ವಜನಿಕ, ಹೈಬ್ರಿಡ್ ಎಂದು ಕ್ಲೌಡ್‌ನಲ್ಲಿ ಮಾಡುವ ಭೇದ ಎಲ್ಲಿಂದ ಬಂತು, ಅದರ ಅರ್ಥವೇನು ಎಂಬುದನ್ನು ತಿಳಿಯಲು ಈ ಹರಾಜಿನ ಇತಿಹಾಸ ಒಳ್ಳೆಯ ದಾರಿ.

ಹತ್ತೊಂಬತ್ತನೇ ಶತಮಾನದಲ್ಲಿ ಈ ಬೆಟ್ಟಗಳ ಏಲಕ್ಕಿ ತಿರುವಾಂಕೂರು ಸರ್ಕಾರದ ಏಕಸ್ವಾಮ್ಯವಾಗಿತ್ತು. ಬೆಳೆದವನು ಸರ್ಕಾರಕ್ಕೇ ಒಪ್ಪಿಸಬೇಕು, ಸರ್ಕಾರ ಗೊತ್ತುಮಾಡಿದ ಹಣವನ್ನೇ ಪಡೆಯಬೇಕು. ಆದರೆ ಕಾಡು ಸವರಿ, ಗಿಡ ನೆಟ್ಟು, ಕಾಯಿ ಕೀಳಲು ಬೆಟ್ಟ ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ಕೆಳಗಿನ ಕಂಬಂ ಕಣಿವೆಯ ಜನ. ಈ ಕಣಿವೆಗೆ ಕನ್ನಡದ ನಂಟೂ ಉಂಟು. ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರ್ ಮತ್ತು ಅನುಪ್ಪರ್ ಒಕ್ಕಲು ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ನೆಲೆಸಿವೆ. ಪೂರ್ವಕ್ಕಿರುವ ದಿಂಡಿಗಲ್ ಕೋಟೆ 1755ರಲ್ಲಿ ಹೈದರಾಲಿ ಫೌಜುದಾರನಾಗಿ ಬಂದು ನಿಂತ ಜಾಗ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅದು ಮೈಸೂರಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಏಲಕ್ಕಿಯ ಕಥೆಗೆ ಮರಳಿದರೆ, 1928ರಲ್ಲಿ ಮದುರೆಯಿಂದ ಬೋಡಿಗೆ ರೈಲು ಬಂದ ಮೇಲೆ ಬೆಟ್ಟದ ಸರಕು ಇಳಿಸಲು ಇದಕ್ಕಿಂತ ಅನುಕೂಲದ ಪೇಟೆ ಬೇರೆ ಇರಲಿಲ್ಲ.

ಸ್ವಾತಂತ್ರ್ಯಾನಂತರ ಈ ವ್ಯಾಪಾರ ಕಾನೂನಿನ ಚೌಕಟ್ಟಿಗೆ ಬಂತು. 1965ರ ಏಲಕ್ಕಿ ಕಾಯ್ದೆಯಿಂದ ಏಲಕ್ಕಿ ಮಂಡಳಿ ಹುಟ್ಟಿತು. 1986ರ ಕಾಯ್ದೆಯಂತೆ ಅದು 1987ರಲ್ಲಿ ಸಾಂಬಾರ ಮಂಡಳಿಯೊಳಗೆ ಸೇರಿತು. ಹರಾಜು ನಡೆಸುವವರಿಗೂ ಕೊಳ್ಳುವವರಿಗೂ ಮಂಡಳಿಯ ಪರವಾನಗಿ ಬೇಕು. ಆಗ ಹರಾಜುದಾರ ಬೆಲೆ ಕೂಗುತ್ತಿದ್ದ, ವ್ಯಾಪಾರಿಗಳು ಏರಿಸುತ್ತಿದ್ದರು, ಕೊನೆಯ ಕೂಗಿಗೆ ಸರಕು ಬಿಟ್ಟುಕೊಡುತ್ತಿದ್ದರು. ಕೂಗು ಹರಾಜಿನಲ್ಲಿ ಎಲ್ಲವೂ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಆದರೆ ಯಾರು ಕೂಗಿದರು ಎಂಬುದೂ ಎಲ್ಲರಿಗೂ ಗೊತ್ತಾಗುತ್ತದೆ. ಪಕ್ಕದವನ ಮುಖ ನೋಡಿ ಸುಮ್ಮನಾಗುವುದು, ಮೊದಲೇ ಮಾತಾಡಿಕೊಂಡು ಬೆಲೆ ತಗ್ಗಿಸುವುದು ಇಂಥ ಹರಾಜಿನ ಹಳೆಯ ರೋಗ. ಅದರ ಪೆಟ್ಟು ಬೀಳುವುದು ಬೆಳೆಗಾರನಿಗೆ.

2007ರಲ್ಲಿ ಮಂಡಳಿ ಕೂಗನ್ನು ನಿಲ್ಲಿಸಿ ಇ-ಹರಾಜು ತಂದಿತು. ಅದರ ನಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಬೆಳೆಗಾರ ಒಣಗಿಸಿದ ಕಾಯನ್ನು ಚೀಲದಲ್ಲಿ ಹರಾಜುದಾರ ಸಂಸ್ಥೆಗೆ ಒಪ್ಪಿಸುತ್ತಾನೆ. ಪ್ರತಿ ಲಾಟ್‌ಗೂ ಒಂದು ಸಂಖ್ಯೆ. ಹರಾಜಿನ ದಿನ ಆಯಾ ಲಾಟ್‌ನಿಂದ ತೆಗೆದ ಮಾದರಿ ಪ್ರತಿ ವ್ಯಾಪಾರಿಯ ಮೇಜಿಗೂ ಬರುತ್ತದೆ. ಅವನು ಕಾಯನ್ನು ಅಂಗೈ ಮೇಲೆ ಹರಡಿ ಹಸಿರು ಎಷ್ಟು ಉಳಿದಿದೆ, ಗಾತ್ರ ಏಳು ಮಿಲಿಮೀಟರೋ ಎಂಟೋ, ಸಿಪ್ಪೆ ಬಿರಿದಿದೆಯೋ ಎಂದು ನೋಡುತ್ತಾನೆ. ಒಂದು ಕಾಯಿ ಬಿಡಿಸಿ ಒಳಗಿನ ಬೀಜ ಕಪ್ಪಗಿದೆಯೇ, ಅಂಟು ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ ಮೂಸುತ್ತಾನೆ. ಎದುರಿನ ಪರದೆಯ ಮೇಲೆ ಲಾಟ್ ಸಂಖ್ಯೆ, ತೂಕ, ಏರುತ್ತಿರುವ ಬೆಲೆ. ಕೈ ಮಾತ್ರ ಕೀಲಿಯ ಮೇಲೆ. ಬಾಯಿ ಬಿಡದೆಯೇ ಸವಾಲು ಏರುತ್ತದೆ. ಗೊತ್ತಾದ ಬೆಲೆ ಬೆಳೆಗಾರನಿಗೆ ಒಪ್ಪಿಗೆಯಾಗದಿದ್ದರೆ ಸರಕು ಹಿಂಪಡೆಯಬಹುದು. ಅದಕ್ಕೇ ಮಂಡಳಿ ಪ್ರಕಟಿಸುವ ದಿನದ ಪಟ್ಟಿಯಲ್ಲಿ ಬಂದ ಸರಕಿನ ತೂಕ ಬೇರೆ, ಮಾರಾಟವಾದುದರ ತೂಕ ಬೇರೆ ಇರುತ್ತದೆ. ಗರಿಷ್ಠ ಬೆಲೆ, ಸರಾಸರಿ ಬೆಲೆ ಎರಡೂ ಇರುತ್ತವೆ. ತೋಟದಲ್ಲಿ ಕೂತ ಸಣ್ಣ ಹಿಡುವಳಿದಾರನಿಗೆ ಪೇಟೆಯ ಅಂದಿನ ಸತ್ಯ ಅಂದೇ ತಿಳಿಯುವಂತಾದದ್ದು ಈ ಬದಲಾವಣೆಯ ದೊಡ್ಡ ಫಲ.

ಆದರೆ ಈ ಕಂಪ್ಯೂಟರ್ ಹರಾಜು ಹಾಲ್‌ನ ನಾಲ್ಕು ಗೋಡೆಯೊಳಗಿನದು. ವ್ಯಾಪಾರಿಗಳ ಟರ್ಮಿನಲ್‌ಗಳಿದ್ದದ್ದು ಅದೇ ಹಾಲ್‌ನಲ್ಲಿ. ಬೋಡಿಯ ಹರಾಜಿಗೆ ಬೋಡಿಗೇ ಬರಬೇಕು, ಪುಟ್ಟಡಿಯದಕ್ಕೆ ಘಟ್ಟ ಹತ್ತಲೇಬೇಕು. ಕೊಳ್ಳುವವರಲ್ಲಿ ಬಹಳ ಮಂದಿ ತಮಿಳುನಾಡಿನ ಕಡೆಯವರು, ಬೆಳೆ ಬಹುಪಾಲು ಕೇರಳದ್ದು. ನಡುವೆ ಬೋಡಿಮೆಟ್ಟು, ಕಂಬಂಮೆಟ್ಟು, ಕುಮಳಿಯ ಚೆಕ್‌ಪೋಸ್ಟ್‌ಗಳು. 2019ರ ಆಗಸ್ಟ್‌ನಲ್ಲಿ ಪುಟ್ಟಡಿಯಲ್ಲಿ ಕಿಲೋಗೆ 7,000 ರೂಪಾಯಿವರೆಗೆ ಸವಾಲು ಹೋದದ್ದುಂಟು. ಅಂಥ ಸರಕಿನ ಹರಾಜಿಗೆ ಹತ್ತು ಮಂದಿ ಕಡಿಮೆ ಬಂದರೂ ಬೆಲೆಯ ಮೇಲೆ ಪರಿಣಾಮ ಆಗಿಯೇ ಆಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಗಡಿಗಳು ಮುಚ್ಚಿದಾಗ ಹರಾಜೇ ನಿಂತುಹೋಯಿತು. ಒಣಗಿಸಿದ ಏಲಕ್ಕಿ ಬೆಳೆಗಾರರ ಮನೆಯಲ್ಲೇ ಉಳಿಯಿತು. ಮತ್ತೆ ಶುರುವಾದ ಮೇಲೂ ಗಡಿ ದಾಟುವ ತಾಪತ್ರಯ ತಪ್ಪಲಿಲ್ಲ. ಜನರನ್ನು ಒಂದೆಡೆ ಸೇರಿಸುವ ಬದಲು ಹರಾಜನ್ನೇ ಎರಡೂ ಕಡೆ ಕಾಣುವಂತೆ ಮಾಡುವ ಯೋಚನೆಗೆ ಇದಕ್ಕಿಂತ ಗಟ್ಟಿ ಕಾರಣ ಬೇಕಿರಲಿಲ್ಲ. ಹರಾಜಿನ ಲೆಕ್ಕ ಹಾಲ್‌ನಿಂದ ಹೊರಬಂದು ಜಾಲದ ಮೂಲಕ ಎರಡೂ ಊರಿಗೆ ಎಟುಕುವ ಯಂತ್ರಗಳ ಮೇಲೆ ಕೂತಿತು. ಕ್ಲೌಡ್ ಎಂಬ ಮಾತಿನ ತಿರುಳು ಇಷ್ಟೇ: ಯಂತ್ರ ಎಲ್ಲೋ ಇದೆ, ಬೇಕೆಂದಾಗ ಬೇಕಾದಷ್ಟು ಶಕ್ತಿ ಜಾಲದ ಮೂಲಕ ಬರುತ್ತದೆ, ಬಳಕೆಗೆ ಅಳತೆ ಉಂಟು.

ಈ ವಿಚಾರವೇನೂ ಹೊಸದಲ್ಲ. ಕಂಪ್ಯೂಟರ್ ಒಂದು ಕೋಣೆ ತುಂಬುವಷ್ಟು ದೊಡ್ಡದೂ ದುಬಾರಿಯೂ ಆಗಿದ್ದ ಕಾಲದಲ್ಲೇ ಅಮೆರಿಕದ ಎಂಐಟಿಯಲ್ಲಿ ಒಂದು ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಪದ್ಧತಿ ಬೆಳೆಯಿತು. 1961ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ, ಟೆಲಿಫೋನಿನಂತೆ ಗಣನೆಯೂ ಒಂದು ದಿನ ಸಾರ್ವಜನಿಕ ಸೇವೆಯಾಗಬಹುದು ಎಂಬ ಮಾತನ್ನು ಅಲ್ಲಿ ಮುಂದಿಟ್ಟರು. 1972ರಲ್ಲಿ ಐಬಿಎಂ ಹೊರತಂದ ವಿಎಂ/370 ಒಂದೇ ಯಂತ್ರವನ್ನು ಒಳಗಿಂದೊಳಗೇ ಹಲವು ಯಂತ್ರಗಳಂತೆ ಹೋಳು ಮಾಡುತ್ತಿತ್ತು. ಪ್ರತಿ ಬಳಕೆದಾರನಿಗೂ ಇಡೀ ಕಂಪ್ಯೂಟರ್ ತನ್ನದೇ ಎಂಬಂತೆ ಕಾಣುವ ಈ ಹೋಳುಗಳಿಗೆ ವರ್ಚುವಲ್ ಮಷೀನ್ ಎಂದು ಹೆಸರು. 1999ರಲ್ಲಿ ವಿಎಂವೇರ್ ಈ ಉಪಾಯವನ್ನು ಸಾಮಾನ್ಯ ಪಿಸಿಗಳಿಗೂ ಇಳಿಸಿತು. 2006ರಲ್ಲಿ ಅಮೆಜಾನ್ ಮಾರ್ಚ್‌ನಲ್ಲಿ ಎಸ್3 ಎಂಬ ಸಂಗ್ರಹ ಸೇವೆಯನ್ನೂ ಆಗಸ್ಟ್‌ನಲ್ಲಿ ಇಸಿ2 ಎಂಬ ಗಣನೆಯ ಸೇವೆಯನ್ನೂ ತೆರೆದಾಗ ವರ್ಚುವಲ್ ಮಷೀನ್ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗತೊಡಗಿತು. ಇಂದು ಸಾರ್ವಜನಿಕ ಕ್ಲೌಡ್ ಎನ್ನುವುದು ಅಲ್ಲಿಂದ ಬೆಳೆದದ್ದು.

ಮಾತು ಹರಡಿದಷ್ಟೂ ಅರ್ಥ ಸಡಿಲವಾಯಿತು. ಪ್ರತಿ ಕಂಪನಿಯೂ ತನ್ನ ಸರಕನ್ನು ಕ್ಲೌಡ್ ಎಂದೇ ಕರೆಯತೊಡಗಿತು. 2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಕೆಲವೇ ಪುಟಗಳಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಖಾಸಗಿ, ಸಮುದಾಯ, ಸಾರ್ವಜನಿಕ, ಹೈಬ್ರಿಡ್ ಎಂದು ನಾಲ್ಕು ಬಗೆ ಗುರುತಿಸಿತು. ಅದರಲ್ಲಿ ಗಮನಿಸಬೇಕಾದ ಅಂಶವೆಂದರೆ ಬಗೆಯನ್ನು ನಿರ್ಧರಿಸುವುದು ಯಂತ್ರ ಎಷ್ಟು ದೂರದಲ್ಲಿದೆ ಎಂಬುದಲ್ಲ. ಅದನ್ನು ಯಾರ್‍ಯಾರು ಹಂಚಿಕೊಳ್ಳುತ್ತಾರೆ ಎಂಬುದು. ಸ್ವಂತ ಕಟ್ಟಡದಲ್ಲಿದ್ದರೆ ಖಾಸಗಿ, ದೂರದಲ್ಲಿದ್ದರೆ ಸಾರ್ವಜನಿಕ ಎಂಬ ತಿಳಿವಳಿಕೆ ಇಂದಿಗೂ ಬಹಳ ಕಡೆ ಇದೆ. ಅದು ತಪ್ಪು.

ಸಾರ್ವಜನಿಕ ಕ್ಲೌಡ್‌ನಲ್ಲಿ ಯಂತ್ರ, ಕಟ್ಟಡ, ವಿದ್ಯುತ್ತು, ತಂಪು ಮಾಡುವ ವ್ಯವಸ್ಥೆ ಎಲ್ಲವೂ ಸೇವೆ ಮಾರುವ ಕಂಪನಿಯದು. ಹಣ ಕೊಡುವ ಯಾರಿಗೂ ಬಾಗಿಲು ತೆರೆದಿರುತ್ತದೆ. ಒಂದೇ ಲೋಹದ ಪೆಟ್ಟಿಗೆಯೊಳಗೆ ಬ್ಯಾಂಕಿನ ಕೆಲಸವೂ ಆಟದ ಆ್ಯಪ್‌ನ ಕೆಲಸವೂ ಒಂದರ ಪಕ್ಕ ಒಂದು ನಡೆಯುತ್ತಿರಬಹುದು. ನಡುವಿನ ಗೋಡೆ ತಂತ್ರಾಂಶದ್ದು. ಹೆಸರಿನಲ್ಲಿ ಸಾರ್ವಜನಿಕ ಎಂದಿದ್ದರೂ ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುತ್ತದೆಂದಾಗಲೀ ಸರ್ಕಾರದ ಸ್ವತ್ತೆಂದಾಗಲೀ ಅರ್ಥವಲ್ಲ. ಸಾರ್ವಜನಿಕ ಛತ್ರದಲ್ಲೂ ಕೋಣೆಗೆ ಚಿಲಕ ಇರುವ ಹಾಗೆ. ಇದರ ದೊಡ್ಡ ಅನುಕೂಲ ಹಿಗ್ಗುವಿಕೆ. ಹರಾಜಿನಂಥ ಕೆಲಸವನ್ನೇ ನೋಡಿ: ಹರಾಜು ನಡೆಯುವ ಕೆಲವು ಗಂಟೆ ಯಂತ್ರಕ್ಕೆ ಉಸಿರಾಡಲು ಬಿಡುವಿಲ್ಲ, ರಾತ್ರಿಯೆಲ್ಲ ಕೆಲಸವೇ ಇಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಲಾಟ್‌ಗಳ ಸಾಲು, ಬೇಸಿಗೆಯಲ್ಲಿ ತೆರಪು. ಬಳಸಿದ್ದಕ್ಕಷ್ಟೇ ಹಣ ಕೊಡುವ ಏರ್ಪಾಡು ಇಂಥ ಏರಿಳಿತಕ್ಕೆ ಹೊಂದುತ್ತದೆ. ಭಾರತದ ಮಟ್ಟಿಗೆ 2015ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಪುಣೆ, ಚೆನ್ನೈ, ಮುಂಬೈಗಳಲ್ಲಿ, 2016ರ ಜೂನ್‌ನಲ್ಲಿ ಅಮೆಜಾನ್ ಮುಂಬೈಯಲ್ಲಿ ದತ್ತಾಂಶ ಕೇಂದ್ರಗಳನ್ನು ತೆರೆದ ಮೇಲೆ ಮಾಹಿತಿ ಸಮುದ್ರ ದಾಟಿ ಹೋಗಬೇಕಾದ ಅಗತ್ಯ ತಗ್ಗಿತು. ಸಂಕೇತ ಹೋಗಿ ಬರುವ ಹೊತ್ತೂ ಕಡಿಮೆಯಾಯಿತು. ಕ್ಷಣದ ಅಂತರದಲ್ಲಿ ಸವಾಲು ತಪ್ಪಿಹೋಗುವ ಹರಾಜಿಗೆ ಇದು ಸಣ್ಣ ಮಾತಲ್ಲ.

ಖಾಸಗಿ ಕ್ಲೌಡ್‌ನಲ್ಲಿ ಹಂಚಿಕೆ ಒಂದೇ ಸಂಸ್ಥೆಯೊಳಗೆ. ಅದರ ವಿಭಾಗಗಳು, ಕಚೇರಿಗಳು ಒಂದೇ ಯಂತ್ರಸಮೂಹದಿಂದ ತಮಗೆ ಬೇಕಾದಷ್ಟನ್ನು ಬೇಡಿ ಪಡೆಯುತ್ತವೆ, ಹೊರಗಿನವರಿಗೆ ಪ್ರವೇಶವಿಲ್ಲ. ನೆಲಮಾಳಿಗೆಯಲ್ಲಿ ನಾಲ್ಕು ಸರ್ವರ್ ಇಟ್ಟ ಮಾತ್ರಕ್ಕೆ ಅದು ಖಾಸಗಿ ಕ್ಲೌಡ್ ಆಗುವುದಿಲ್ಲ. ಬೇಡಿದ ಕೂಡಲೇ ಹೋಳು ಸಿಗುವಂತೆ, ಕೆಲಸ ಮುಗಿದ ಮೇಲೆ ಅದು ಇನ್ನೊಬ್ಬರಿಗೆ ಒದಗುವಂತೆ ಯಂತ್ರಗಳನ್ನು ಒಟ್ಟುಗೂಡಿಸಿರಬೇಕು. 2010ರಲ್ಲಿ ನಾಸಾ ಮತ್ತು ರ್‍ಯಾಕ್‌ಸ್ಪೇಸ್ ಸೇರಿ ಮುಕ್ತವಾಗಿ ಹಂಚಿದ ಓಪನ್‌ಸ್ಟ್ಯಾಕ್ ತಂತ್ರಾಂಶ ಇದನ್ನು ಯಾರು ಬೇಕಾದರೂ ಕಟ್ಟಿಕೊಳ್ಳುವಂತೆ ಮಾಡಿತು. ನಮ್ಮಲ್ಲಿ ಕೇಂದ್ರ ಸರ್ಕಾರ ಮೇಘರಾಜ್ ಎಂಬ ಹೆಸರಿನಲ್ಲಿ ಸರ್ಕಾರಿ ಇಲಾಖೆಗಳಿಗೆಂದೇ ಕ್ಲೌಡ್ ಕಟ್ಟಲು ಹೊರಟು, 2014ರ ಫೆಬ್ರವರಿಯಲ್ಲಿ ತನ್ನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ರಾಷ್ಟ್ರೀಯ ಕ್ಲೌಡ್‌ಗೆ ಚಾಲನೆ ಕೊಟ್ಟಿತು. ಬೇರೆ ಬೇರೆ ಇಲಾಖೆಗಳು ಒಂದೇ ಬಗೆಯ ನಿಯಮ, ಒಂದೇ ಬಗೆಯ ಭದ್ರತೆಯ ಅಗತ್ಯದಿಂದ ಹೀಗೆ ಕೂಡಿಕೊಂಡರೆ ಅದನ್ನು ಸಮುದಾಯ ಕ್ಲೌಡ್ ಎನ್ನುವುದೂ ಸರಿಯೇ.

ಖಾಸಗಿ ಕ್ಲೌಡ್ ಸಂಸ್ಥೆಯ ಅಂಗಳದಲ್ಲೇ ಇರಬೇಕಿಲ್ಲ ಎಂಬುದಕ್ಕೆ ಕಂಬಂ ಕಣಿವೆಯ ನೀರೇ ನಿದರ್ಶನ. ಆ ನೀರು ಕೊಡುವ ಪೆರಿಯಾರ್ ಅಣೆಕಟ್ಟು ಇರುವುದು ಕೇರಳದ ನೆಲದಲ್ಲಿ. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಮತ್ತು ಬ್ರಿಟಿಷ್ ಸರ್ಕಾರದ ನಡುವೆ ಆದ 999 ವರ್ಷಗಳ ಗುತ್ತಿಗೆಯಂತೆ ಜಲಾಶಯಕ್ಕೆ 8,000 ಎಕರೆ ಜಾಗ ಸಿಕ್ಕಿತು. ಎಂಜಿನಿಯರ್ ಪೆನ್ನಿಕ್ವಿಕ್ ಅವರ ಮೇಲ್ವಿಚಾರಣೆಯಲ್ಲಿ ಕಟ್ಟಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ಬೆಟ್ಟ ಕೊರೆದ ಸುರಂಗದಿಂದ ಪೂರ್ವಕ್ಕೆ ತಿರುಗಿದ ನೀರನ್ನು ಬಳಸುವುದು, ಅಣೆಕಟ್ಟನ್ನು ನಡೆಸುವುದು ತಮಿಳುನಾಡು. ನೆಲ ಒಬ್ಬರದು, ಬಾಡಿಗೆಯೂ ಸಲ್ಲುತ್ತದೆ, ಆದರೆ ತಿರುಗಿಸಿದ ನೀರಿನ ಬಳಕೆ ಇನ್ನೊಬ್ಬರಿಗೇ ಮೀಸಲು. ಬೇರೊಂದು ಕಂಪನಿಯ ದತ್ತಾಂಶ ಕೇಂದ್ರದಲ್ಲಿ ಒಂದು ಸಂಸ್ಥೆಗೆಂದೇ ಬೇರ್ಪಡಿಸಿಟ್ಟ ಯಂತ್ರಗಳೂ ಹೀಗೆಯೇ. ಅದೂ ಖಾಸಗಿ ಕ್ಲೌಡೇ. ಇಂಥ ಏರ್ಪಾಡಿನಲ್ಲಿ ದುರಸ್ತಿ, ಸುರಕ್ಷತೆ, ಪ್ರವೇಶದ ಹಕ್ಕು ಯಾರದೆಂಬ ಜಗಳ ಎಷ್ಟು ಕಾಲ ಎಳೆಯಬಹುದು ಎಂಬುದನ್ನೂ ಅದೇ ಅಣೆಕಟ್ಟಿನ ಇತಿಹಾಸದಲ್ಲಿ ನೋಡಬಹುದು. ಕರಾರಿನಲ್ಲಿ ಬರೆದಿಡದ ವಿಷಯವೇ ಮುಂದೆ ವ್ಯಾಜ್ಯವಾಗುತ್ತದೆ.

ಹೈಬ್ರಿಡ್ ಕ್ಲೌಡ್ ಎಂದರೆ ಎರಡು ಅಥವಾ ಹೆಚ್ಚು ಬಗೆಯ ಕ್ಲೌಡ್‌ಗಳು ತಮ್ಮ ತಮ್ಮ ಬೇರೆತನ ಉಳಿಸಿಕೊಂಡು, ಮಾಹಿತಿಯೂ ಕೆಲಸವೂ ಒಂದರಿಂದ ಇನ್ನೊಂದಕ್ಕೆ ಸಾಗುವಂತೆ ಹೆಣೆದುಕೊಂಡ ವ್ಯವಸ್ಥೆ. ಇದಕ್ಕೂ ಕಣಿವೆಯ ಹೊಲಗಳೇ ಹೋಲಿಕೆ ಕೊಡುತ್ತವೆ. ಪೆರಿಯಾರ್ ನೀರು ಕಂಬಂ ಕಣಿವೆಯಲ್ಲಿ 14,707 ಎಕರೆಯ ಎರಡು ಬೆಳೆ ಭತ್ತಕ್ಕೆ ಆಸರೆ. ಆದರೆ ತೂಬು ಎತ್ತುವ ದಿನವನ್ನು ನಿಶ್ಚಯಿಸುವವನು ರೈತನಲ್ಲ. ಬಾವಿಯಿದ್ದವನು ಕಾಲುವೆ ಬರುವ ಮುನ್ನ ಬಾವಿಯ ನೀರಲ್ಲಿ ಸಸಿಮಡಿ ಹಾಕುತ್ತಾನೆ, ಕಾಲುವೆ ಬಂದ ಮೇಲೆ ಗದ್ದೆ ತುಂಬಿಸಿಕೊಳ್ಳುತ್ತಾನೆ. ಬಾವಿಗೆ ತೋಡುವ ಖರ್ಚು, ಪಂಪ್‌ಸೆಟ್‌ನ ಕಾಟ. ಕಾಲುವೆಗೆ ಕಾಯುವ ಕಾಟ. ಎರಡೂ ಇದ್ದವನು ಎರಡಕ್ಕೂ ಒಂದು ಸೇರುವೆ ಕಾಲುವೆ ತೋಡಲೇಬೇಕು. ಆ ಸೇರುವೆ ಇಲ್ಲದೆ ಬಾವಿ ಒಂದು ಮೂಲೆ, ಕಾಲುವೆ ಒಂದು ಮೂಲೆ ಇದ್ದರೆ ಅನುಕೂಲ ಅರ್ಧವೇ.

ಕಂಪ್ಯೂಟರ್‌ನ ಲೋಕದಲ್ಲಿ ಈ ಸೇರುವೆಯೇ ಕಷ್ಟದ ಭಾಗ. ಖಾಸಗಿ ಯಂತ್ರಗಳಿಂದ ಸಾರ್ವಜನಿಕ ಕ್ಲೌಡ್‌ಗೆ ಗೂಢಲಿಪಿಯ ಸುರಂಗವೋ ಮೀಸಲು ತಂತಿಯೋ ಬೇಕು. ಬಳಕೆದಾರ ಯಾರೆಂಬ ಗುರುತು ಎರಡೂ ಕಡೆ ಒಂದೇ ಆಗಿರಬೇಕು. ಒಂದೆಡೆ ಬದಲಾದ ಲೆಕ್ಕ ಇನ್ನೊಂದೆಡೆಗೂ ತಡವಿಲ್ಲದೆ ತಲುಪಬೇಕು. ವ್ಯಾಪಾರಿಗಳ ಬಾಕಿ, ಬ್ಯಾಂಕ್ ವಿವರಗಳನ್ನು ತನ್ನಲ್ಲೇ ಇಟ್ಟುಕೊಂಡು, ಸಾವಿರಾರು ಮಂದಿ ದಿನದ ಬೆಲೆ ನೋಡಲು ಬರುವ ಪುಟವನ್ನು ಹೊರಗಿಡಲು ಬಯಸುವ ಸಂಸ್ಥೆಗೆ ಹೈಬ್ರಿಡ್ ಸೊಗಸಾಗಿ ಕಾಣುತ್ತದೆ. ಆದರೆ ಎರಡು ಮನೆ ನಡೆಸುವ ಖರ್ಚು, ಎರಡನ್ನೂ ಬಲ್ಲ ಜನ ಬೇಕು ಎಂಬುದನ್ನು ಮೊದಲೇ ಎಣಿಸದವರು ಕೈ ಸುಟ್ಟುಕೊಳ್ಳುತ್ತಾರೆ. ಸಣ್ಣ ಸಂಸ್ಥೆಗಳಿಗೆ ಸಾರ್ವಜನಿಕ ಕ್ಲೌಡ್ ಒಂದೇ ಸಾಕು. ಹಗಲೂ ರಾತ್ರಿಯೂ ಒಂದೇ ಸಮನೆ ಭಾರವಿರುವ ದೊಡ್ಡ ಸಂಸ್ಥೆಗೆ ಬಾಡಿಗೆಗಿಂತ ಸ್ವಂತದ್ದೇ ಅಗ್ಗವಾಗುವುದೂ ಉಂಟು. ಎಂಥವರಿಗೂ ಹೈಬ್ರಿಡ್ಡೇ ಮೇಲು ಎಂಬ ಮಾತು ಮಾರುವವರ ಮಾತು.

ಭದ್ರತೆಯ ವಿಚಾರದಲ್ಲಿ ದಿಂಡಿಗಲ್ ನೆನಪಾಗುವುದು ಸಹಜ. ಆ ಊರು ಕೈಯಿಂದ ಮಾಡಿದ ಬೀಗಗಳಿಗೆ ಹೆಸರಾದದ್ದು. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುವುದು. ಸಾರ್ವಜನಿಕ ಕ್ಲೌಡ್‌ನಲ್ಲಿ ಕಟ್ಟಡದ ಕಾವಲು, ಯಂತ್ರದ ಕಾವಲು ಕಂಪನಿಯ ಹೊಣೆ. ಒಳಗಿಟ್ಟ ಮಾಹಿತಿಗೆ ಯಾರು ಬರಬಹುದು, ಗೂಢಲಿಪಿಯ ಕೀಲಿ ಯಾರ ಹತ್ತಿರ ಇರಬೇಕು ಎಂಬುದು ಬಾಡಿಗೆಗೆ ಪಡೆದವರ ಹೊಣೆ. ಬಾಗಿಲನ್ನು ತಾನೇ ತೆರೆದಿಟ್ಟು ಕಾವಲುಗಾರನನ್ನು ದೂರಿ ಫಲವಿಲ್ಲ. ಸ್ವಂತ ಕಟ್ಟಡದಲ್ಲೇ ಇಟ್ಟ ಖಾಸಗಿ ಕ್ಲೌಡ್‌ನಲ್ಲಿ ಎಲ್ಲ ಕೀಲಿಯೂ ಒಬ್ಬರಲ್ಲೇ ಇರುತ್ತದೆ, ಅಷ್ಟೇ ಜವಾಬ್ದಾರಿಯೂ ಬೀಳುತ್ತದೆ. ಕೆಲವೆಡೆ ಆಯ್ಕೆಯನ್ನು ಕಾನೂನೇ ಕಿರಿದು ಮಾಡುತ್ತದೆ: 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ವ್ಯವಸ್ಥೆಗಳ ಮಾಹಿತಿ ಭಾರತದೊಳಗೇ ಇರಬೇಕು ಎಂದು ಆದೇಶಿಸಿತು. ಇನ್ನು ಕ್ಲೌಡ್ ಎಂಬ ಹೆಸರಿನ ಹಗುರತನಕ್ಕೆ ಮರುಳಾಗಬಾರದು ಎಂಬುದನ್ನು 2021ರ ಮಾರ್ಚ್ 10 ತೋರಿಸಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬೇರೊಂದು ಜಾಗದಲ್ಲಿ ಪ್ರತಿ ಇಟ್ಟುಕೊಳ್ಳದವರಲ್ಲಿ ಹಲವರ ಮಾಹಿತಿ ಮರಳಿ ಬರಲಿಲ್ಲ.

ದೂರದಿಂದಲೇ ಸವಾಲು ಹಾಕುವ ಬೋಡಿಯ ದಾರಿಯನ್ನು ಕರ್ನಾಟಕ ತನ್ನ ಮಂಡಿಗಳಲ್ಲಿ ಕೆಲವು ವರ್ಷ ಮೊದಲೇ ಹಿಡಿದಿತ್ತು. 2014ರಲ್ಲಿ ಶುರುವಾದ ಏಕೀಕೃತ ಮಾರುಕಟ್ಟೆ ವೇದಿಕೆ ರಾಜ್ಯದ ಎಪಿಎಂಸಿಗಳನ್ನು ಒಂದು ಜಾಲಕ್ಕೆ ತಂದು, ಒಂದು ಊರಿನ ಲಾಟ್‌ಗೆ ಬೇರೆ ಊರಿನ ವ್ಯಾಪಾರಿಯೂ ಬೆಲೆ ನಮೂದಿಸುವ ಅವಕಾಶ ಕೊಟ್ಟಿತು. ದೇಶಕ್ಕೆಲ್ಲ ಒಂದೇ ಎನ್ನುವ ಇ-ನಾಮ್ ಬಂದದ್ದು ಎರಡು ವರ್ಷದ ಮೇಲೆ, 2016ರ ಏಪ್ರಿಲ್‌ನಲ್ಲಿ. ಈ ವೇದಿಕೆಗಳಲ್ಲಿ ಎದುರಾದದ್ದೂ ಬೋಡಿಯ ಪ್ರಶ್ನೆಯೇ: ಬೆಲೆ ತಂತಿಯಲ್ಲಿ ಸಾಗುತ್ತದೆ, ಸರಕಿನ ಗುಣ ಹೇಗೆ ಸಾಗಬೇಕು? ಕೊಬ್ಬರಿಗೋ ಕಡಲೆಗೋ ತೇವಾಂಶ, ಕಸದ ಪ್ರಮಾಣ ಅಳೆದು ಅಂಕಿಯಲ್ಲಿ ಬರೆಯಬಹುದು. ಕಣ್ಣಾರೆ ಕಾಣದ ಸರಕಿಗೆ ದೂರದ ವ್ಯಾಪಾರಿ ಧೈರ್ಯ ಮಾಡಲು ಆ ಅಂಕಿಯೇ ಆಧಾರ. ಏಲಕ್ಕಿಯಲ್ಲಿ ಗಾತ್ರ ಅಳೆಯಬಹುದು, ಒಂದು ಲೀಟರ್ ಅಳತೆಯ ಕಾಯಿಯನ್ನು ತೂಕ ಹಾಕಬಹುದು. ಹಸಿರಿನ ಕಳೆಯನ್ನೂ ಪರಿಮಳವನ್ನೂ ಅಂಕಿಯಲ್ಲಿ ಹಿಡಿಯುವುದು ಸುಲಭವಲ್ಲ.

ಸವಾಲು ಹಾಕುವವನಿಗೆ ತನ್ನ ಕೀಲಿಯೊತ್ತು ಯಾವ ಬಗೆಯ ಕ್ಲೌಡ್‌ಗೆ ಹೋಗಿ ಬಂತು ಎಂಬುದು ಕಾಣುವುದಿಲ್ಲ. ಅವನಿಗೆ ಬೇಕಾದದ್ದು ಬೋಡಿಯಲ್ಲಿ ಒತ್ತಿದ ಬೆಲೆ ಪುಟ್ಟಡಿಯಲ್ಲಿ ಒತ್ತಿದ್ದಕ್ಕಿಂತ ಹಿಂದೆ ಬೀಳಬಾರದು, ಬೆಟ್ಟದ ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗಬಾರದು ಎಂಬ ಭರವಸೆ. ಪರದೆಯ ಮೇಲಿನ ಬೆಲೆ ಕ್ಲೌಡ್‌ನಿಂದ ಎರಡೂ ಊರಿಗೆ ಒಟ್ಟಿಗೇ ಬೀಳುತ್ತದೆ. ಮಾದರಿ ಮಾತ್ರ ಇಂದಿಗೂ ಘಟ್ಟದ ರಸ್ತೆಯಲ್ಲೇ ಸಾಗಬೇಕು. ಲಾಟ್ ಯಾವ ಕಡೆಯದಾದರೂ ಅದರ ಹಿಡಿ ಕಾಯಿ ಎರಡೂ ಹಾಲ್‌ಗಳ ಮೇಜಿನ ಮೇಲಿರಬೇಕು. ವ್ಯಾಪಾರಿ ಅದರಲ್ಲೊಂದನ್ನು ಉಗುರಿನಿಂದ ಬಿಡಿಸಿ ಮೂಗಿನ ಹತ್ತಿರ ಹಿಡಿದ ಮೇಲೆಯೇ ಕೈ ಕೀಲಿಗೆ ಹೋಗುತ್ತದೆ.